ಆರೆಗಾನಿನಲ್ಲಿ ಕಪ್ಪು ಜನರು ಇಷ್ಟು ಕಡಿಮೆ ಏಕೆ?

ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೊಗೆ ಹೊಸದಾಗಿ ಬಂದಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಇಲ್ಲಿ ವರ್ಣಭೇದ ಇದೆಯೇ? ಕಪ್ಪು ಜನರು ಕಣ್ಣಿಗೇ ಬೀಳುವುದಿಲ್ಲವಲ್ಲ, ಏಕೆ? ಎರಡನೆಯದರಿಂದ ಶುರು ಮಾಡುತ್ತೇನೆ.

ಇಲ್ಲಿನ ಮಳೆ ಅವರಿಗೆ ಒಗ್ಗಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರನ್ನು ಹೊರಗಿಟ್ಟದ್ದು ಕಾನೂನು. ಎತ್ತಿನ ಬಂಡಿ ಕಟ್ಟಿಕೊಂಡು ಬಂದ ಬಿಳಿಯ ವಲಸಿಗರು 1844ರಲ್ಲೇ ಕಪ್ಪು ಜನರು ಊರು ಬಿಡಬೇಕು, ತಪ್ಪಿದರೆ ಛಡಿಯೇಟು ಎಂದು ಶಾಸನ ಬರೆದರು. ಏಟಿನ ಶಿಕ್ಷೆ ಜಾರಿಯಾಗುವ ಮೊದಲೇ ರದ್ದಾಯಿತು, ಬಹಿಷ್ಕಾರದ ಹಟ ಮಾತ್ರ ಹೋಗಲಿಲ್ಲ. 1851ರಲ್ಲಿ ಆರೆಗಾನ್ ಸಿಟಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಜೇಕಬ್ ವ್ಯಾಂಡರ್‌ಪೂಲ್ ಎಂಬಾತನನ್ನು ಬಣ್ಣದ ಕಾರಣಕ್ಕೇ ಗಡೀಪಾರು ಮಾಡಿದರು.

ಆದರೆ ಇಡೀ ಚರಿತ್ರೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ರಾಜ್ಯದ ಸಂವಿಧಾನಕ್ಕಾಗಿ ನಡೆದ 1857ರ ಮತದಾನ. ಗುಲಾಮಗಿರಿ ಬೇಡ ಎಂದವರು 7,727 ಮಂದಿ. ಕಪ್ಪು ಜನರೇ ಬೇಡ ಎಂದವರು 8,640. ದಾಸ್ಯ ಪಾಪವಂತೆ, ದಾಸ್ಯ ಕಳೆದವನು ನೆರೆಮನೆಗೆ ಬಂದರೆ ಅದೂ ಪಾಪವಂತೆ! ಕೇರಿಯನ್ನು ಊರಾಚೆ ಇಟ್ಟು ಬಂದ ನಮಗೆ ಈ ತರ್ಕ ಹೊಸದೇನಲ್ಲ. ಕಪ್ಪು ಜನರು ಬರಕೂಡದು ಎಂಬ ಕಲಮನ್ನು ಹೊತ್ತ ಸಂವಿಧಾನದೊಂದಿಗೇ 1859ರಲ್ಲಿ ಆರೆಗಾನ್ ರಾಜ್ಯವಾಯಿತು. ಅದನ್ನು ತೆಗೆದದ್ದು 1926ರಲ್ಲಿ.

ಜಾರ್ಜ್ ವಾಷಿಂಗ್ಟನ್ ಬುಷ್ (ಅಧ್ಯಕ್ಷರಿಬ್ಬರ ಹೆಸರು ಹೊತ್ತಂತಿರುವ ಈತ ಒಬ್ಬ ಕಪ್ಪು ರೈತ) ಇದೇ ಕಾನೂನಿನಿಂದಾಗಿ ಕೊಲಂಬಿಯಾ ನದಿ ದಾಟಿ ಇಂದಿನ ವಾಷಿಂಗ್ಟನ್ ರಾಜ್ಯದ ಟಮ್‌ವಾಟರ್ ಬಳಿ ನೆಲೆಸಿದ. ಮೂಲನಿವಾಸಿಗಳ ನೆಲವನ್ನು 1850ರ ಕಾಯ್ದೆ ಬಿಳಿಯ ಗಂಡಸರಿಗೆ ತಲಾ 320 ಎಕರೆಯಂತೆ ಪುಕ್ಕಟೆ ಹಂಚಿತು. ಬುಷ್ ಉತ್ತ ಹೊಲ ಬುಷ್‌ನ ಹೆಸರಿಗಾಗಲು ನೆರೆಹೊರೆಯವರು ಅರ್ಜಿ ಹಾಕಿ, 1855ರಲ್ಲಿ ಅಮೆರಿಕದ ಸಂಸತ್ತೇ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಕಾಳಿಲ್ಲದ ಕಾಲದಲ್ಲಿ ಅವನು ಆ ನೆರೆಯವರಿಗೆ ಧಾನ್ಯ ಹಂಚಿದ್ದ.

ಭಾರತೀಯರೂ ಇದರಿಂದ ಪಾರಾಗಲಿಲ್ಲ. 1910ರಲ್ಲಿ ಪೋರ್ಟ್‌ಲ್ಯಾಂಡ್ ಪಕ್ಕದ ಸೇಂಟ್ ಜಾನ್ಸ್‌ನಲ್ಲಿ ಮರದ ಕಾರ್ಖಾನೆಯ ಪಂಜಾಬಿ ಕೂಲಿಗಳನ್ನು ಗುಂಪು ಕಟ್ಟಿ ಓಡಿಸಿದರು. ಪಂಜಾಬಿನಿಂದ ವಲಸೆ ಬಂದ ಭಗತ್ ಸಿಂಗ್ ಥಿಂದ್‌ಗೆ ಇಲ್ಲಿನ ನ್ಯಾಯಾಲಯ ಕೊಟ್ಟ ಪೌರತ್ವವನ್ನು, ಅವನು ಬಿಳಿಯನಲ್ಲವೆಂದು 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ನಾವಿಂದು ವೀಸಾ ಹಿಡಿದು ಬರಲು ದಾರಿಯಾದ 1965ರ ವಲಸೆ ಕಾನೂನಿನ ಹಿಂದೆ ಕಪ್ಪು ಜನರ ಹೋರಾಟವಿದೆ. "ಆ ಬಡಾವಣೆಯಲ್ಲಿ ಮನೆ ಹಿಡಿಯಬೇಡಿ, ಅವರಿದ್ದಾರೆ" ಎಂದು ನಮ್ಮವರೇ ಪಿಸುಗುಟ್ಟುವುದನ್ನು ಕೇಳಿದಾಗ ನನಗೆ ಮೈ ಉರಿಯುವುದು ಅದಕ್ಕೇ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಮುಖಕ್ಕೆ ಹೊಡೆದಂತೆ ಅವಮಾನಿಸುವವರು ಇಲ್ಲಿ ಅಪರೂಪ, ನಗು ಧಾರಾಳ. ಆದರೆ ರಾಜ್ಯ ಸಂವಿಧಾನದಲ್ಲಿ ಉಳಿದಿದ್ದ, ಆಗಲೇ ಸತ್ತುಹೋಗಿದ್ದ ಜನಾಂಗೀಯ ಪದಗಳನ್ನು ಅಳಿಸೋಣವೇ ಎಂದು 2002ರಲ್ಲಿ ಕೇಳಿದಾಗ, ಮೂರೂವರೆ ಲಕ್ಷ ಮಂದಿ ಬೇಡವೆಂದು ಮತ ಹಾಕಿದರು.