ಮಗಳ ಯಕ್ಷಗಾನಕ್ಕೆ ಗುರುಗಳು ಬೇಕಾ ಎಂದು ಕೇಳಿದ ಸೀತಾಂಗೋಳಿಯ ಅಕ್ಕನಿಗೆ

ಅಕ್ಕಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ಓದಿದೆ. ನೀವು ಹಾಕಿದ ವಿಡಿಯೋ ಎರಡು ಸಲ ನೋಡಿದೆ. ಮಗಳಿಗೆ 11 ವರ್ಷ, ಯೂಟ್ಯೂಬ್ ನೋಡಿಯೇ ಇಷ್ಟು ಕುಣಿಯುತ್ತಾಳೆ, ಇನ್ನು ವಾರ ವಾರ ಬಸ್ಸು ಹತ್ತಿಸಿ ಗುರುಗಳ ಹತ್ತಿರ ಕಳಿಸಬೇಕಾ ಅಂತ ಕೇಳಿದ್ದೀರಿ. ಕಳಿಸಬೇಕು. ಅವಳಿಗೆ ಇಷ್ಟು ಆಸೆ ಇರುವುದರಿಂದಲೇ ಕಳಿಸಬೇಕು. ಒಂದು ಸಾಲಲ್ಲಿ ಹೇಳಿ ಬಿಡಲು ಮನಸ್ಸಾಗಲಿಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ವಿಡಿಯೋದ ವಿಷಯ. ಅವಳ ಮುಖದಲ್ಲಿ ಖುಷಿ ಇದೆ, ಕೈ ಚೆಂದ ಇದೆ. ಆದರೆ ಪ್ರವೇಶದ ಕುಣಿತ ನಮ್ಮ ತೆಂಕಿನದ್ದು, ಅಂದರೆ ದಕ್ಷಿಣದ ಶೈಲಿಯದ್ದು; ನಡುವಲ್ಲಿ ಮಂಡಿ ಊರಿ ಸುತ್ತಿದ್ದು ಬಡಗಿನದ್ದು, ಉತ್ತರದ ಶೈಲಿಯದ್ದು. ಫೋನಿನಲ್ಲಿ ಒಂದರ ಹಿಂದೆ ಒಂದು ಬರುತ್ತಾ ಇರುತ್ತದೆ. ಇದು ತೆಂಕು, ಇದು ಬಡಗು ಅಂತ ಮಗುವಿಗೆ ಹೇಳುವವರು ಯಾರು? ಎರಡೂ ಚೆಂದವೇ, ಬೆರೆಸಿದರೆ ಎರಡೂ ಕೆಡುತ್ತದೆ. ಇನ್ನೊಂದು, ಕೊನೆಗೆ ಹಾಕಿದ ಧೀಂಗಿಣ, ಅದೇ ಹಾರಿ ಸುತ್ತುವ ಕುಣಿತ. ಹಾರಿದ್ದು ಚೆನ್ನಾಗಿದೆ. ಇಳಿದದ್ದು ಹಿಮ್ಮಡಿ ಮೇಲೆ, ಮೊಣಕಾಲು ಮಡಚದೆ. ಅದೂ ಟೈಲ್ಸ್ ನೆಲದಲ್ಲಿ.

ನಾನೂ ಹೀಗೇ ಮಾಡಿದವನು. ನಮ್ಮ ಕಾಲಕ್ಕೆ ಯೂಟ್ಯೂಬ್ ಇರಲಿಲ್ಲ. ಗದ್ದೆಯಲ್ಲಿ ಬಯಲಾಟ ಇದ್ದರೆ ಎದುರಲ್ಲೇ ಚಾಪೆ ಹಾಸಿ ಬೆಳಗಿನವರೆಗೆ ಕೂರುವುದು, ಮರುದಿನ ಅಡಿಕೆ ಒಣಗಿಸುವ ಅಂಗಳದಲ್ಲಿ ಅದನ್ನೇ ಕುಣಿಯುವುದು. ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಧೀಂಗಿಣಕ್ಕೆ ಜೋರು ಚಪ್ಪಾಳೆ ಬೀಳುತ್ತಿತ್ತು. 17ನೇ ವರ್ಷಕ್ಕೆ ಬಲ ಮೊಣಕಾಲು ಊದಿತು. ಮೆಟ್ಟಿಲು ಹತ್ತಲಿಕ್ಕೂ ಕಷ್ಟ. ಅದು ಇಳಿದ ಮೇಲೆ ನಾನು ಗುರುಗಳ ಹತ್ತಿರ ಹೋದದ್ದು. ಅವರು ಒಂದು ಸಲ ಕುಣಿಸಿ ನೋಡಿದರು. "ಇಳಿಯಲಿಕ್ಕೆ ಕಲಿಯದೆ ಹಾರಲಿಕ್ಕೆ ಯಾರು ಹೇಳಿದ್ದು ಮಾರಾಯಾ?" ಅಂತ ಕೇಳಿದರು. ಮೂರು ತಿಂಗಳು ಹಾರಲು ಬಿಡಲೇ ಇಲ್ಲ. ಮುಂಗಾಲಿನಲ್ಲಿ ಇಳಿಯುವುದು, ಮೊಣಕಾಲು ಮಡಚಿ ಭಾರವನ್ನು ತೊಡೆಗೆ ಕೊಡುವುದು, ಅಷ್ಟೇ. ಬೇಜಾರಿನಲ್ಲಿ ಮನೆಗೆ ಬಂದು ಅತ್ತದ್ದೂ ಇದೆ. ಈಗ ನನಗೆ 46. ನಮ್ಮ ಹವ್ಯಾಸಿ ಸಂಘದಲ್ಲಿ ಇನ್ನೂ ಪುಂಡುವೇಷ, ಅಂದರೆ ಅಭಿಮನ್ಯುವಿನಂಥ ಚುರುಕಿನ ಹುಡುಗನ ವೇಷ ಮಾಡುತ್ತೇನೆ. ಆ ಮೂರು ತಿಂಗಳು ಇಲ್ಲದಿದ್ದರೆ ಗೆಜ್ಜೆ ಯಾವತ್ತೋ ಬಿಚ್ಚಿಡಬೇಕಿತ್ತು.

ಕಾಲಿಗಿಂತ ದೊಡ್ಡ ವಿಷಯ ಕಿವಿಯದ್ದು. ವಿಡಿಯೋದಲ್ಲಿ ಪದ್ಯ ಎಷ್ಟು ಸಲ ಹಾಕಿದರೂ ಒಂದೇ ಥರ. ಮುಂದೆ ಏನು ಬರುತ್ತದೆ ಅಂತ ಅವಳಿಗೆ ಬಾಯಿಪಾಠ ಆಗಿದೆ. ರಂಗಸ್ಥಳದಲ್ಲಿ ಹಾಗಲ್ಲ ಅಕ್ಕಾ. ಪದ್ಯ ಹಾಡುವ ಭಾಗವತರು ಅವತ್ತಿನ ಮನಸ್ಸಿಗೆ ಬಂದ ಹಾಗೆ ಒಂದು ಸಾಲನ್ನು ಇನ್ನೊಮ್ಮೆ ಎತ್ತುತ್ತಾರೆ, ವೇಗ ಏರಿಸುತ್ತಾರೆ. ಚೆಂಡೆಯವರು ಬಿಡ್ತಿಗೆಗೆ, ಅಂದರೆ ಚೆಂಡೆಯ ವಿಶೇಷ ನುಡಿಕೆಗೆ ಕೈ ಹಾಕುತ್ತಾರೆ. ವೇಷಧಾರಿ ಅದನ್ನು ಆಗಲೇ ಹಿಡಿಯಬೇಕು.

ನಮ್ಮ ಗುರುಗಳು ಇದನ್ನು ಕಲಿಸಿದ್ದು ಹೀಗೆ. ವಾರದಲ್ಲಿ ಒಂದು ದಿನ ಕುಣಿತವೇ ಇಲ್ಲ. ನೆಲದಲ್ಲಿ ಕೂತು ಕೈಯಲ್ಲಿ ತಾಳ ಹಾಕಬೇಕು, ಅವರು ಪದ್ಯ ಹೇಳುತ್ತಾರೆ. ಏಕ ತಾಳಕ್ಕೆ 4 ಅಕ್ಷರ, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10, ಅಷ್ಟಕ್ಕೆ 14. ಲೆಕ್ಕ ಒಂದೇ ದಿನಕ್ಕೆ ಬಾಯಿಗೆ ಬರುತ್ತದೆ. ಆದರೆ ಅವರು ನಡುವಲ್ಲಿ ಬೇಕೆಂದೇ ನಿಧಾನ ಮಾಡುತ್ತಿದ್ದರು, ಸ್ವರ ಎಳೆಯುತ್ತಿದ್ದರು, ತಟ್ಟನೆ ಏರುತ್ತಿದ್ದರು. ನಾವು ತಪ್ಪಿದಾಗ ನಿಲ್ಲಿಸುತ್ತಿರಲಿಲ್ಲ, ತಪ್ಪಿದ್ದು ನಮಗೇ ಗೊತ್ತಾಗುವವರೆಗೆ ಹಾಡುತ್ತಾ ಹೋಗುತ್ತಿದ್ದರು. ಒಂದು ವರ್ಷ ಹೀಗೆ ಕೂತ ಮೇಲೆ ಒಂದು ದಿನ, ಅವರು ಉಸಿರು ಎಳೆದುಕೊಂಡದ್ದು ಕೇಳಿಯೇ ಮುಂದೆ ಏರು ಬರುತ್ತದೆ ಅಂತ ನನಗೆ ಗೊತ್ತಾಯಿತು. ಆ ದಿನದ ಸಂತೋಷ ಯಾವ ಚಪ್ಪಾಳೆಯಲ್ಲೂ ಸಿಕ್ಕಿಲ್ಲ.

2019ರಲ್ಲಿ ಕಾಞಂಗಾಡಿನಲ್ಲಿ ಕೇರಳ ರಾಜ್ಯ ಶಾಲಾ ಕಲೋತ್ಸವ ನಡೆದಾಗ ಯಕ್ಷಗಾನ ಸ್ಪರ್ಧೆ ನೋಡಲು ಹೋಗಿದ್ದೆ. ತಾಳ ಕೇಳಿ ಕುಣಿಯುವ ಮಕ್ಕಳು ಯಾರು, ಹೆಜ್ಜೆ ಲೆಕ್ಕ ಮಾಡಿ ಕುಣಿಯುವ ಮಕ್ಕಳು ಯಾರು ಅಂತ ಮೊದಲ ಪದ್ಯಕ್ಕೇ ತಿಳಿಯುತ್ತಿತ್ತು. ಮಕ್ಕಳನ್ನು ದೂರುವುದಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಪ್ರಸಂಗ ತಯಾರು ಮಾಡಬೇಕು ಅಂದರೆ ಕಲಿಸುವವರಾದರೂ ಏನು ಮಾಡಿಯಾರು? ಆದರೆ ಬಹುಮಾನ ಬಂದ ಮೇಲೆ ಆ ಮಗು ಬೇರೆ ಒಂದು ಪದ್ಯಕ್ಕೆ ಕುಣಿಯಲು ಗೊತ್ತಿಲ್ಲದೆ ನಿಲ್ಲುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮಗಳಿಗೆ ಹಾಗಾಗುವುದು ಬೇಡ.

ಇನ್ನು ಗುರುಗಳನ್ನು ಹುಡುಕುವುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ನಿಮ್ಮ ಹತ್ತಿರವೇ ಇದೆ. ಅತ್ತ ದೇಲಂಪಾಡಿ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಸಂಘ ಕಟ್ಟಿ ಮಕ್ಕಳನ್ನು ತಿದ್ದಿದ ನೆಲ ಇದು. ನಮ್ಮಲ್ಲಿ ಕಲಿಸುವವರಿಗೆ ಬರ ಇಲ್ಲ, ಸಮಯ ನೋಡಿ ಕೇಳಬೇಕು ಅಷ್ಟೇ. ಮೇಳಗಳು ದೀಪಾವಳಿ ಕಳೆದು ತಿರುಗಾಟಕ್ಕೆ ಹೊರಟರೆ ಪತ್ತನಾಜೆಗೆ, ಅಂದರೆ ಮೇ 24-25ರ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಕಲಾವಿದರು ಜಾಸ್ತಿ ಊರಲ್ಲೇ ಇರುತ್ತಾರೆ. ಆಗ ಹೋಗಿ ಕೇಳಿ. ಅಡಿಕೆ ವೀಳ್ಯ ಇಟ್ಟು ಶುರು ಮಾಡಿಸಲು ವಿಜಯದಶಮಿಯೇ ಆಗಬೇಕು ಅನ್ನುವವರಿದ್ದಾರೆ. ನಿಮ್ಮ ನಂಬಿಕೆ ಹಾಗಿದ್ದರೆ ಹಾಗೇ ಮಾಡಿ, ಆದರೆ ಅದಕ್ಕಾಗಿ ಒಂದು ಮಳೆಗಾಲ ಕಳೆದುಕೊಳ್ಳಬೇಡಿ.

ಸೇರಿಸುವ ಮೊದಲು ಎರಡು ಕ್ಲಾಸು ಸುಮ್ನೆ ಕೂತು ನೋಡಿ. ಅವರು ಬಾಯಿತಾಳ, ಅಂದರೆ ಹೆಜ್ಜೆಯ ತಾಳವನ್ನು ಬಾಯಲ್ಲಿ ಹೇಳಿಸುತ್ತಾರಾ? ತಪ್ಪಿದ ಮಗುವಿನ ಹತ್ತಿರ ಹೋಗಿ ಕಾಲು ತಿದ್ದುತ್ತಾರಾ, ಅಥವಾ ಎದುರು ನಿಂತು ಕುಣಿದು ತೋರಿಸಿ ಬಿಡುತ್ತಾರಾ? ಬೇರೆ ಮೇಳದ ಆಟ ನೋಡಿ ಬಾ ಅನ್ನುತ್ತಾರಾ? ಹಾಗೆ ಹೇಳುವ ಗುರುಗಳು ಸಿಕ್ಕಿದರೆ ಬಿಡಬೇಡಿ. ಹೆಣ್ಣು ಮಗು, ಅದಕ್ಕೇ ಇದನ್ನೂ ಹೇಳುತ್ತೇನೆ: ತಂದೆ ತಾಯಿ ಕ್ಲಾಸಿನಲ್ಲಿ ಕೂರುವುದು ಬೇಡ ಅನ್ನುವ ಕಡೆ ಸೇರಿಸಲೇಬೇಡಿ, ಎಷ್ಟು ದೊಡ್ಡ ಹೆಸರಾದರೂ.

ಗುರುಗಳು ಸಿಕ್ಕಿದ ಮೇಲೆ ಫೋನು ಕಸಿದುಕೊಳ್ಳಬೇಕಾಗಿಲ್ಲ. ಕಲಿತ ಹೆಜ್ಜೆಯನ್ನು ದೊಡ್ಡ ಕಲಾವಿದರು ಹೇಗೆ ಹಾಕುತ್ತಾರೆ ಅಂತ ನೋಡಲಿಕ್ಕೆ ಅದು ಒಳ್ಳೆಯದು. ನೋಡಿದ್ದನ್ನು ಮರುದಿನ ಗುರುಗಳಿಗೆ ಹೇಳಲಿ, ಯಾಕೆ ಹಾಗೆ ಅಂತ ಕೇಳಲಿ. ತೆಂಕಿನ ಹೆಸರಾಂತ ವೇಷಧಾರಿ ಸೂರಿಕುಮೇರು ಗೋವಿಂದ ಭಟ್ಟರಂಥವರೂ ಕುರಿಯ ವಿಠಲ ಶಾಸ್ತ್ರಿಗಳ ಶಿಷ್ಯರಾಗಿ ಕಲಿತವರು, ಅಲ್ವಾ?

ಅಲ್ಲಿಯವರೆಗೆ ಮನೆಯಲ್ಲಿ ಕುಣಿಯಲಿ, ಬೇಡ ಅನ್ನಬೇಡಿ. ಟೈಲ್ಸ್ ಮೇಲೆ ಬೇಡ, ಮಣ್ಣಿನ ಅಂಗಳದಲ್ಲಿ ಕುಣಿಯಲಿ. ಧೀಂಗಿಣ ಮಾತ್ರ ಇವತ್ತಿಂದಲೇ ನಿಲ್ಲಿಸಿ. ಮೊಣಕಾಲು ನೋವು ಅಂತ ಅವಳು ಈಗಾಗಲೇ ಹೇಳಿದ್ದಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಗುರುಗಳ ಮನೆ.