‘ಜಿಎನ್‌ಎಕ್ಸ್’: ಗೆದ್ದ ಮೇಲೂ ಇಳಿಯದ ಸಿಟ್ಟು

2015ರ ‘ಟು ಪಿಂಪ್ ಎ ಬಟರ್‌ಫ್ಲೈ’ ಆಲ್ಬಂ ಕೇಳಿ ಅಮೆರಿಕದ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರನ್ನು ಮೆಚ್ಚಿಕೊಂಡ ನಿಮಗೆ ಅವರ 2024ರ ಆಲ್ಬಂ ‘ಜಿಎನ್‌ಎಕ್ಸ್’ ಬರೀ ಜಂಬ ಕೊಚ್ಚಿಕೊಂಡಂತೆ ಕೇಳಿಸಿತು, ಅವರನ್ನು ಮೊದಲಿನಿಂದ ಕೇಳುತ್ತ ಬಂದವರಿಗೂ ಹಾಗೆಯೇ ಅನ್ನಿಸಿತೇ ಎಂದು ಕೇಳಿದ್ದೀರಿ. ಜಂಬ ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಜಂಬವನ್ನು ಸ್ವಲ್ಪ ಕೆದಕಿದರೆ ಸಿಗುವುದು ಗೆದ್ದ ಮೇಲೂ ಇಳಿಯದ ಸಿಟ್ಟು, ಮತ್ತು ನನ್ನ ಮಟ್ಟಿಗೆ ಆ ಸಿಟ್ಟೇ ಈ ಆಲ್ಬಂನ ವಸ್ತು. ಅದು ಹದವಾಗಿ ಕೂತಿರುವ ಕಡೆ ಹಾಡುಗಳು ಅವರ ಅತ್ಯುತ್ತಮ ರಚನೆಗಳ ಸಾಲಿಗೆ ಸೇರುತ್ತವೆ. ಹದ ತಪ್ಪಿದ ಕಡೆ ಬರೀ ಸದ್ದಾಗಿ ಉಳಿಯುತ್ತವೆ.

ನಾನು ದಾವಣಗೆರೆಯಲ್ಲಿ ಮದುವೆ, ಸಭೆ, ಗಣೇಶೋತ್ಸವಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಸುಬಿನವನು. 2012ರ ‘ಗುಡ್ ಕಿಡ್, ಮ್ಯಾಡ್ ಸಿಟಿ’ಯಿಂದ ಇಲ್ಲಿಯವರೆಗೆ ಅವರ ಪ್ರತಿಯೊಂದು ಆಲ್ಬಂ ಅನ್ನೂ, ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಅವರ ಊರಾದ ಕಾಂಪ್ಟನ್ನಿನ ಬೀದಿ ಮಾತಿನ ಅರ್ಥ ಹುಡುಕಿಕೊಂಡು ಕೇಳಿದ್ದೇನೆ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಅಭಿಮಾನಿಯ ಪಕ್ಷಪಾತವೂ ಸ್ಪೀಕರಿನವನ ಚಪಲವೂ ಬೆರೆತಿರುತ್ತವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಓದಿ.

ಈ ಆಲ್ಬಂ ಬಂದ ಸಂದರ್ಭವನ್ನು ಬಿಟ್ಟು ಅದನ್ನು ಅಳೆಯಲು ಆಗುವುದಿಲ್ಲ. 2024ರ ವಸಂತದಲ್ಲಿ ಕೆಂಡ್ರಿಕ್ ಮತ್ತು ಕೆನಡಾದ ರ‍್ಯಾಪ್ ಗಾಯಕ ಡ್ರೇಕ್ ಒಬ್ಬರ ಮೇಲೊಬ್ಬರು ಹಾಡು ಕಟ್ಟಿ ಹಾಡಿದರು. ಮೇ ತಿಂಗಳಲ್ಲಿ ಬಂದ ಕೆಂಡ್ರಿಕ್ ಅವರ ‘ನಾಟ್ ಲೈಕ್ ಅಸ್’ ಆ ಜಗಳವನ್ನು ಬಹುತೇಕ ಮುಗಿಸಿತು. ನಮ್ಮ ಗೀಗೀ ಪದದಲ್ಲಿ ಹರದೇಶಿಯವರೂ ನಾಗೇಶಿಯವರೂ ಇಡೀ ರಾತ್ರಿ ಸವಾಲು-ಜವಾಬು ನಡೆಸಿ, ಬೆಳಗಿನ ಹೊತ್ತಿಗೆ ಮಂಗಳ ಹಾಡಿ ಏಳುತ್ತಾರಲ್ಲವೇ, ಕೆಂಡ್ರಿಕ್ ಆ ಮಂಗಳವನ್ನು ಹಾಡಲೇ ಇಲ್ಲ. ಅದೇ ವರ್ಷ ನವೆಂಬರ್ 22ರಂದು, ಮುನ್ಸೂಚನೆಯೇ ಇಲ್ಲದೆ, 12 ಹಾಡುಗಳ, ಸುಮಾರು 44 ನಿಮಿಷಗಳ ‘ಜಿಎನ್‌ಎಕ್ಸ್’ ಹೊರಬಂತು. ಹೆಸರು 1987ರ ಬ್ಯೂಯಿಕ್ ಕಾರಿನದು. ಅಂಥ ಕಾರುಗಳು ತಯಾರಾದದ್ದು 547 ಮಾತ್ರ, ಮತ್ತು ಕೆಂಡ್ರಿಕ್ ಹುಟ್ಟಿದ್ದೂ 1987ರಲ್ಲೇ.

ಮೊದಲ ಹಾಡು ‘ವ್ಯಾಕ್ಡ್ ಔಟ್ ಮ್ಯೂರಲ್ಸ್’ ಕೇಳಿದರೆ ಸಿಟ್ಟಿನ ಬೇರು ತಿಳಿಯುತ್ತದೆ. ಡೇರಾ ಬರೆರಾ ಎಂಬ ಮರಿಯಾಚಿ (ಮೆಕ್ಸಿಕೋದ ಜನಪದ ಸಂಗೀತ) ಗಾಯಕಿಯ ಸ್ಪ್ಯಾನಿಷ್ ಆಲಾಪದಿಂದ ಆರಂಭವಾಗುವ ಈ ಹಾಡು, ಗೋಡೆಯ ಮೇಲಿದ್ದ ತಮ್ಮ ಚಿತ್ರವನ್ನು ಯಾರೋ ಕೆಡಿಸಿದ ಸುದ್ದಿಯಿಂದ ಮುಂದುವರಿದು, ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯಲಿದ್ದ, ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ನಡುವಿನ ಸಂಗೀತ ಕಾರ್ಯಕ್ರಮ ತಮಗೆ ದೊರೆತದ್ದಕ್ಕೆ ಆ ಊರಿನವರೇ ಆದ ರ‍್ಯಾಪರ್ ಲಿಲ್ ವೇಯ್ನ್ ಬೇಸರಪಟ್ಟರು, ಅಭಿನಂದಿಸಿದ್ದು ಹಿರಿಯ ರ‍್ಯಾಪರ್ ನ್ಯಾಸ್ ಒಬ್ಬರೇ ಎಂಬ ಕೊರಗಿಗೆ ಬರುತ್ತದೆ. ಲೋಕವೆಲ್ಲ ಚಪ್ಪಾಳೆ ತಟ್ಟುವಾಗ ಯಾರ್ಯಾರು ತಟ್ಟಲಿಲ್ಲ ಎಂದು ಲೆಕ್ಕವಿಡುವ ಮನಸ್ಸು ಇದು. 2022ರ ‘ಮಿಸ್ಟರ್ ಮೊರೇಲ್’ ಆಲ್ಬಂನಲ್ಲಿ ತಾನು ಯಾರ ಉದ್ಧಾರಕನೂ ಅಲ್ಲ ಎಂದು ಹೇಳಿ ಕೆಳಗಿಳಿದಿದ್ದ ಮನುಷ್ಯ, ಇಲ್ಲಿ ‘ಮ್ಯಾನ್ ಅಟ್ ದಿ ಗಾರ್ಡನ್’ ಹಾಡಿನಲ್ಲಿ ಇದೆಲ್ಲ ತನಗೆ ಸಲ್ಲಬೇಕಾದದ್ದೇ ಎಂದು ಮೆಲುದನಿಯಲ್ಲಿ ಶುರುಮಾಡಿ ಗಂಟಲು ಬಿರಿಯುವವರೆಗೆ ಏರಿಸುತ್ತಾರೆ. ನಿಮಗೆ ಜಂಬವಾಗಿ ಕೇಳಿಸಿದ್ದು ಬಹುಶಃ ಇದೇ. ನನಗೆ ಮಾತ್ರ ಅದು ತನಗೆ ತಾನೇ ಸಾಕ್ಷಿ ಹೇಳಿಕೊಳ್ಳಬೇಕಾಗಿ ಬಂದವನ ದನಿಯಂತೆ ಕೇಳಿಸಿತು.

ಇನ್ನು ನಾದದ ವಿಷಯ. ‘ಬಟರ್‌ಫ್ಲೈ’ಯಲ್ಲಿ ಜಾಝ್ ವಾದ್ಯಗಾರರು ತುಂಬಿಕೊಂಡಿದ್ದರು, ಇಲ್ಲಿ ಸೌನ್‌ವೇವ್, ಜ್ಯಾಕ್ ಆಂಟನಾಫ್, ಮಸ್ಟರ್ಡ್ ಮೊದಲಾದ ಸಂಗೀತ ನಿರ್ಮಾಪಕರು ಲಾಸ್ ಏಂಜಲೀಸಿನ ಕಾರುಗಳಲ್ಲಿ ಕೇಳುವ ಸಂಗೀತವನ್ನೇ ಕಟ್ಟಿದ್ದಾರೆ: ಕೆಳಗೆ ದಪ್ಪ ಬೇಸ್, ಮೇಲೆ ಒಂದೆರಡು ಸಣ್ಣ ಸದ್ದು, ನಡುವೆ ಧ್ವನಿಗೆ ಬೇಕಾದಷ್ಟು ಜಾಗ. ‘ಸ್ಕ್ವಾಬಲ್ ಅಪ್’ ಹಾಡನ್ನು ಅಂಗಡಿಯ ಹದಿನೆಂಟು ಇಂಚಿನ ಬೇಸ್ ಬಾಕ್ಸಿಗೆ ಹಾಕಿದರೆ ಶಟರ್ ಅದುರುತ್ತದೆ, ಆದರೆ ಅಷ್ಟು ಅದುರಿದರೂ ಒಂದು ಅಕ್ಷರವೂ ಮುಳುಗುವುದಿಲ್ಲ. ನಮ್ಮ ಮೆರವಣಿಗೆಗಳಿಗೆ ಡಿಜೆ ಹಾಡು ಸಿದ್ಧಪಡಿಸುವ ಹುಡುಗರು ಇದನ್ನು ಕೇಳಿ ಕಲಿಯಬೇಕು. ಅವರ ಕೈಯಲ್ಲಿ ಬೇಸ್ ಏರಿದಂತೆ ಮಾತು ಸಾಯುತ್ತದೆ. ನೀವು ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನಕ್ಕೆ ಬಂದಿದ್ದರೆ ಅರ್ಧ ಆಲ್ಬಂ ನಿಮ್ಮ ಕಿವಿಗೆ ತಲುಪಿಲ್ಲ ಎಂದೇ ಹೇಳಬೇಕು. ‘ಟಿವಿ ಆಫ್’ ಹಾಡಿನ ನಡುವೆ ತಾಳ ಬದಲಾಗುವಾಗ ಕೆಂಡ್ರಿಕ್ ಮಸ್ಟರ್ಡ್ ಅವರ ಹೆಸರನ್ನು ಕೂಗುತ್ತಾರಲ್ಲ, ಅದನ್ನು ನನ್ನ ಬಳಿ ಕೆಲಸ ಮಾಡುವ ಹುಡುಗರು ಲಾರಿಗೆ ಬಾಕ್ಸ್ ಏರಿಸುವಾಗ ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಾರೆ. ಮಸ್ಟರ್ಡ್ ಎಂದರೆ ಒಬ್ಬ ಮನುಷ್ಯ ಎಂಬುದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ.

ನಿಮ್ಮ ಆಕ್ಷೇಪಕ್ಕೆ ನಿಜವಾದ ಉತ್ತರವಿರುವುದು ಆರನೆಯ ಹಾಡಾದ ‘ರೀಇನ್‌ಕಾರ್ನೇಟೆಡ್’ನಲ್ಲಿ. ಹಿಂದಿನ ತಲೆಮಾರಿನ ರ‍್ಯಾಪರ್ ಟುಪಾಕ್ ಶಕೂರ್ ಅವರ ಹಳೆಯ ಹಾಡೊಂದರ ಸಂಗೀತದ ಮೇಲೆ, ಹೆಚ್ಚುಕಡಿಮೆ ಅವರದೇ ಉಸಿರಿನ ಓಟದಲ್ಲಿ, ಕೆಂಡ್ರಿಕ್ ಇಲ್ಲಿ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ. ಮೊದಲ ಜನ್ಮದಲ್ಲಿ ಗಿಟಾರ್ ನುಡಿಸಿ ಹಣ, ಹೆಸರು ಗಳಿಸಿ ದುರಾಸೆಗೆ ಬಲಿಯಾದ ಸಂಗೀತಗಾರ, ಎರಡನೆಯದರಲ್ಲಿ ಮಾದಕ ದ್ರವ್ಯದ ಚಟಕ್ಕೆ ಬಿದ್ದು ಸತ್ತ ಕಪ್ಪು ಗಾಯಕಿ, ಮೂರನೆಯದರಲ್ಲಿ ಅವರೇ. ಆ ಸಂಗೀತಗಾರನನ್ನು ತಂದೆ ಮನೆಯಿಂದ ಹೊರಹಾಕಿದ್ದರು, ಗಾಯಕಿಯ ತಂದೆ ಅವಳಿಂದ ಮುಖ ತಿರುಗಿಸಿದ್ದರು. ಮೂರನೆಯ ಚರಣದಲ್ಲಿ ತಂದೆ ಮತ್ತು ಮಗನ ಸಂವಾದ ಶುರುವಾಗುತ್ತದೆ. ಎರಡೂ ದನಿ ಒಬ್ಬರದೇ. ತಂದೆ ದೇವರಾಗುತ್ತಾನೆ, ಮಗ ಸ್ವರ್ಗದಿಂದ ತಳ್ಳಲ್ಪಟ್ಟ ದೇವದೂತನಾಗುತ್ತಾನೆ. ಮಗ ತಾನು ಮಾಡಿದ ಒಳ್ಳೆಯ ಕೆಲಸಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ, ಬದ್ಧವೈರಿಗಳಾಗಿದ್ದ ಕೇರಿಗಳವರನ್ನು ಒಂದೇ ವೇದಿಕೆಗೆ ಕರೆತಂದಿದ್ದೇನೆ ಎನ್ನುತ್ತಾನೆ. ಅದಕ್ಕೆ ತಂದೆ, ನಿನಗೆ ಜಗಳವೆಂದರೆ ಇಷ್ಟ ಎನ್ನುತ್ತಾನೆ. ಇಲ್ಲವೆನ್ನುತ್ತಾನೆ ಮಗ. ಹೌದೆನ್ನುತ್ತಾನೆ ತಂದೆ. ಡ್ರೇಕ್ ಜೊತೆಗಿನ ಕಾದಾಟವನ್ನು ಗೆದ್ದವನೇ ತನ್ನ ಮೇಲೆ ಈ ಆರೋಪವನ್ನು ಹೊರಿಸಿಕೊಂಡು, ಅದಕ್ಕೆ ಸರಿಯಾದ ಜವಾಬು ಸಿಗದೆ ತಡವರಿಸುವುದನ್ನು ಇಷ್ಟು ಬಿಗಿಯಾಗಿ ಬರೆದ ಇನ್ನೊಂದು ಹಾಡು ಅವರದೇ ಪಟ್ಟಿಯಲ್ಲೂ ಅಪರೂಪ. ಹಿಂದಿನ ಹಾಡುಗಳಲ್ಲಿ ಎದೆ ತಟ್ಟಿಕೊಂಡವನು ಇವನೇ ಎಂದು ನೆನಪಿಟ್ಟುಕೊಂಡು ಕೇಳಿದರೆ ಆ ಹಾಡುಗಳಿಗೂ ಬೇರೆ ಬಣ್ಣ ಬರುತ್ತದೆ.

‘ಹಾರ್ಟ್ ಪಾರ್ಟ್ 6’ ಹಳೆಯ ಅಭಿಮಾನಿಗಳಿಗೆಂದೇ ಬರೆದಂತಿದೆ. ಕೆಂಡ್ರಿಕ್ ಬೆಳೆದ ಟಾಪ್ ಡಾಗ್ ಎಂಬ ಧ್ವನಿಮುದ್ರಣ ಸಂಸ್ಥೆಯ ಆರಂಭದ ದಿನಗಳು, ಅಲ್ಲಿನ ರ‍್ಯಾಪರ್‌ಗಳಾದ ಜೇ ರಾಕ್, ಆಬ್-ಸೋಲ್, ಸ್ಕೂಲ್‌ಬಾಯ್ ಕ್ಯೂ ಅವರೊಂದಿಗಿನ ಗೆಳೆತನ, ಅವರ ತಂಡ ‘ಬ್ಲ್ಯಾಕ್ ಹಿಪ್ಪಿ’ ಮುಂದುವರಿಯದೆ ಹೋದದ್ದಕ್ಕೆ ತಾನೇ ಕಾರಣ ಎಂಬ ಒಪ್ಪಿಗೆ, ಎಲ್ಲವೂ ಅಲ್ಲಿದೆ. ಕೆಂಡ್ರಿಕ್ ಹಿಂದಿನಿಂದ ಬರೆಯುತ್ತ ಬಂದ ‘ದಿ ಹಾರ್ಟ್’ ಹಾಡುಗಳ ಸರಣಿಯ ಹೆಸರನ್ನೇ ಡ್ರೇಕ್ ಜಗಳದ ಭರದಲ್ಲಿ ಕಸಿದು ಆರನೆಯ ಭಾಗವೆಂದು ತಮ್ಮ ಹಾಡೊಂದನ್ನು ಬಿಟ್ಟಿದ್ದರು; ಅದನ್ನು ಕೆಂಡ್ರಿಕ್ ಬೈಗುಳವಿಲ್ಲದೆ ಮರಳಿ ಪಡೆದ ರೀತಿ ನನಗೆ ಬಹಳ ಹಿಡಿಸಿತು. ಗಾಯಕಿ ಎಸ್‌ಝಡ್‌ಎ ಜೊತೆಗಿನ ‘ಲೂಥರ್’ ಇಂಪಾಗಿದೆ, ಅದರ ಬಗ್ಗೆ ಈಗಾಗಲೇ ಎಲ್ಲರೂ ಬರೆದಾಗಿದೆ. ಕೊನೆಯ ‘ಗ್ಲೋರಿಯಾ’ ಹೆಣ್ಣಿನ ಮೇಲಿನ ಪ್ರೇಮದ ಹಾಡಿನಂತೆ ಸಾಗಿ, ಆಕೆ ತನ್ನ ಲೇಖನಿ ಎಂದು ಕಡೆಯ ಸಾಲಿನಲ್ಲಿ ಬಿಟ್ಟುಕೊಡುತ್ತದೆ. ಚಮತ್ಕಾರ ಚೆನ್ನಾಗಿದೆ, ಆದರೆ ಗುಟ್ಟು ತಿಳಿದ ಮೇಲೆ ಹಾಡಿನ ಸೆಳೆತ ಸ್ವಲ್ಪ ಇಳಿಯುತ್ತದೆ.

ನನ್ನ ತಕರಾರುಗಳೂ ಇವೆ. ‘ಪೀಕಬೂ’ ಮತ್ತು ‘ಹೇ ನೌ’ ಹಾಡುಗಳಲ್ಲಿ ತಾಳವಿದೆ, ಹೇಳುವುದಕ್ಕೇನೂ ಇಲ್ಲ. ಹೊರಗೆ ಅಷ್ಟಾಗಿ ಹೆಸರಿಲ್ಲದ ಲಾಸ್ ಏಂಜಲೀಸಿನ ಹುಡುಗರನ್ನು, ಡೋಡಿ6, ಎಝೆಡ್ ಚೈಕ್ ಮುಂತಾದವರನ್ನು, ಕರೆತಂದದ್ದು ದೊಡ್ಡ ಮನಸ್ಸಿನ ಕೆಲಸವೇ. ಆದರೂ ಅವರಲ್ಲಿ ಹೆಚ್ಚಿನವರು ನಾಲ್ಕು ಸಾಲು ಹೇಳಿ ಮಾಯವಾಗುತ್ತಾರೆ. ತನ್ನ ಊರಿನವರಿಗೆ ವೇದಿಕೆ ಕೊಡುತ್ತೇನೆಂದವರು ಅವರಿಗೆ ಮೈಕನ್ನೂ ಸ್ವಲ್ಪ ಹೊತ್ತು ಬಿಡಬೇಕಿತ್ತು.

ಪಟ್ಟಿ ಮಾಡಲೇಬೇಕೆಂದರೆ, 2012 ಮತ್ತು 2015ರ ಆಲ್ಬಂಗಳ ನಂತರ, 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ‘ಡ್ಯಾಮ್’ ನಂತರ, ‘ಮಿಸ್ಟರ್ ಮೊರೇಲ್’ಗಿಂತ ಒಂದು ಮೆಟ್ಟಿಲು ಮೇಲೆ ಇದನ್ನು ಇಡುತ್ತೇನೆ. ನೀವು ಇನ್ನೊಮ್ಮೆ ಕೇಳುವುದಾದರೆ ಮೊದಲಿನಿಂದ ಆರಂಭಿಸಬೇಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಸಾಹಿತ್ಯ ಎದುರಿಗಿಟ್ಟುಕೊಂಡು ‘ರೀಇನ್‌ಕಾರ್ನೇಟೆಡ್’ ಕೇಳಿ, ಅದರ ಹಿಂದೆಯೇ ‘ಹಾರ್ಟ್ ಪಾರ್ಟ್ 6’ ಕೇಳಿ, ಆಮೇಲೆ ಮೊದಲ ಹಾಡಿಗೆ ಬನ್ನಿ. ಆಗಲೂ ಜಂಬವಷ್ಟೇ ಕೇಳಿಸಿದರೆ ಈ ಆಲ್ಬಂ ನಿಮಗೆ ಒಗ್ಗುವುದಿಲ್ಲ ಎಂದು ಬಿಟ್ಟುಬಿಡಿ.