ನಳ್ಳಿ ನಿಲ್ಲಿಸದ ಮಗನಿಗೆ ಏನು ಹೇಳಬೇಕು?

ಪ್ರಶ್ನೆ: ಒಂಬತ್ತನೇ ತರಗತಿಯ ಮಗ ಹಲ್ಲುಜ್ಜಿ ಮುಗಿಸುವ ತನಕ ನಳ್ಳಿ ನಿಲ್ಲಿಸುವುದಿಲ್ಲ. ಬೈದು ಸಾಕಾಗಿದೆ. ನೀರಿನ ಬೆಲೆ ಕಲಿಸುವುದು ಹೇಗೆ? (ಬದಿಯಡ್ಕದ ಓದುಗರು)

ಉತ್ತರ: ಮಾರ್ಚ್ ಬಂತೆಂದರೆ ಈ ಪ್ರಶ್ನೆ ಬರುತ್ತದೆ, ಜುಲೈಯಲ್ಲಿ ಯಾರೂ ಕೇಳುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಕಾಸರಗೋಡಿನ ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು, ಮುರಕಲ್ಲಿನ ಗುಡ್ಡಗಳನ್ನು ಇಳಿದು ಕಡಲು ಸೇರುವುದನ್ನು ಗಮನಿಸದ ಹುಡುಗನಿಗೆ ಬೇಸಗೆಯ ಬೈಗುಳ ನಾಟುವುದಿಲ್ಲ.

ಅವನ ಕೈಗೊಂದು ಹಗ್ಗ ಕೊಡಿ. ಅಡಿಗೊಂದು ಗಂಟು ಹಾಕಿ ತುದಿಗೆ ಕಲ್ಲು ಕಟ್ಟಲಿ; ಪ್ರತಿ ಭಾನುವಾರ ಬೆಳಿಗ್ಗೆ, ಪಂಪು ಹಾಕುವ ಮೊದಲು, ಬಾವಿಕಟ್ಟೆಯಿಂದ ನೀರಿನ ತನಕ ಎಷ್ಟು ಗಂಟು ಎಂದು ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಲಿ. ನೀವು ಪಕ್ಕದಲ್ಲಿ ನಿಂತಿರಬೇಕು. ಈ ವಿಷಯದಲ್ಲಿ ನಾನು ಅಂಜುಬುರುಕ. ಹತ್ತು ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಗಂಟು ಎಂದರೆ ಸುಮಾರು 2,200 ಲೀಟರ್, ಲೆಕ್ಕವನ್ನು ಅವನೇ ಮಾಡಲಿ. ನೂರು ಅಡಿಕೆ ಮರಗಳಿಗೆ ಹನಿ ನೀರಾವರಿಯಲ್ಲಿ ದಿನಕ್ಕೆ ತಲಾ 20 ಲೀಟರಿನಂತೆ ಕೊಟ್ಟರೂ, ಒರತೆ ತುಂಬಿಕೊಡುವುದನ್ನು ಬಿಟ್ಟರೆ, ಹತ್ತಿರ ಹತ್ತಿರ ಒಂದು ಗಂಟು ಇಳಿಯುತ್ತದೆ. ಹಲ್ಲುಜ್ಜುವ ನೀರು ಇದರ ಮುಂದೆ ಎಷ್ಟರದು ಎಂದು ಅವನು ನಿಮ್ಮನ್ನೇ ಕೇಳುತ್ತಾನೆ. ಕೇಳಲಿ, ಉತ್ತರಿಸಲು ಸಿದ್ಧರಾಗಿರಿ. ನಾನು ಕಂಡ ಒಂದು ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ‘22 ಗಂಟು’, ‘23 ಗಂಟು’ ಎಂದಿತ್ತು. ಮೂರನೆಯ ವಾರ ಆ ಮನೆಯ ಹುಡುಗಿ ನಡುಮಧ್ಯಾಹ್ನ ಸ್ಪ್ರಿಂಕ್ಲರ್ ಬಿಡುತ್ತಿದ್ದ ತಂದೆಯನ್ನು ತಡೆದಳು. ಅಂದಿನಿಂದ ಅವಳ ನಳ್ಳಿಯೂ ತಾನಾಗಿಯೇ ನಿಂತಿತು. ಹಿರಿಯರು ಪಂಪು ಹಾಕಿ ಮರೆತು ಮಲಗುವ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅಧಿಕಾರ ಯಾರಿಗೂ ಇಲ್ಲ.

ಪ್ರಶ್ನೆ: ತೆಂಗಿನಕಾಯಿ ಹಿಡಿದು ನೀರು ನೋಡುವವರಿಂದ ಶಾಲೆಯಲ್ಲಿ ಪ್ರಾತ್ಯಕ್ಷಿಕೆ ಕೊಡಿಸಬಹುದೇ?

ಉತ್ತರ: ಕೂಡದು. ಅಂಗೈಯ ಕಾಯಿ ಏಳುವುದು ಕೈಯ ಅಲುಗಾಟದಿಂದ. ಕೊಳವೆಬಾವಿಯಲ್ಲಿ ನೀರು ಸಿಗದಿದ್ದಾಗ ಈ ಮಹಾಶಯರು ದಕ್ಷಿಣೆ ಹಿಂದಿರುಗಿಸಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಮಾರ್ಚ್ 22ರ ಜಲದಿನಕ್ಕೆ ಘೋಷಣೆ ಬರೆದುಕೊಡುವಿರಾ?

ಉತ್ತರ: ಇಲ್ಲ.

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಒಳಗೆ ಕರೆದೊಯ್ಯಬಹುದೇ?

ಉತ್ತರ: ಬಾಯಿಯ ತನಕ ಮಾತ್ರ. ಒಳಗೆ ಉಸಿರಾಟಕ್ಕೆ ಗಾಳಿ ಸಾಲದಿರಬಹುದು, ಮಣ್ಣು ಕುಸಿಯಬಹುದು. ಹೊರಗೇ ನಿಂತು, ಪಂಪಿಲ್ಲದೆ ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ನೀರಿನ ದಾರಿ) ಹರಿದುಬರುವ ನೀರಿಗೆ ಕೊಡಪಾನ ಹಿಡಿದು, ಅದು ತುಂಬಲು ಎಷ್ಟು ನಿಮಿಷ ಬೇಕೆಂದು ಜನವರಿಯಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಅಳೆಯಲಿ.